ಚೂರಿನ ದುಡ್ಡು

ಅರಸೀಕೆರೆ
೧೩-೨-೨೦೨೫, ಗುರುವಾರ

ಪ್ರೀತಿಯ ಮಂಜುಳಾ,

ನಿನ್ನ ಅತ್ತೆ ಕಾಂತಮ್ಮನ ಆಶೀರ್ವಾದ. ಹೇಗಿದ್ದೀಯ? ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯೋ ಅಥವಾ ಇಲ್ಲಿ ಮಾಡುತ್ತಿದ್ದಂತೆ ಮೂರು ಗಂಟೆಗೆ ಒಲೆಯ ಮುಂದೆ ನಿಂತುಕೊಂಡೇ ಎರಡು ತುತ್ತು ನುಂಗುತ್ತೀಯೋ? ನಿಮ್ಮಮ್ಮನ ಮಂಡಿ ನೋವು ಹೇಗಿದೆ? ಬೇಲೂರಿನ ಬೆಳಗಿನ ಚಳಿಗೆ ಅದು ಇನ್ನಷ್ಟು ಹಿಡಿದುಕೊಳ್ಳುತ್ತದೆ. ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕು, ಬಿಸಿನೀರು ಹಾಕು. ಸುಮ್ಮನೆ ಮೆಟ್ಟಿಲು ಹತ್ತಿ ಇಳಿಯಬೇಡಿ ಎಂದು ಬೀಗಿತ್ತಿಗೆ ನಾನು ಹೇಳಿದೆನೆಂದು ಹೇಳು. ನೀನು ಹೊರಟ ದಿನ "ಅಮ್ಮಂಗೆ ಮಂಡಿ ನೋವು ಅತ್ತೆ, ಎಂಟು ದಿನ ಇದ್ದು ಬರ್ತೀನಿ" ಅಂದೆ. ಎಂಟು ದಿನ ಹೋಗಿ ತಿಂಗಳು ದಾಟಿತು. ಮಂಡಿ ನೋವು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ನೀನು ಬಸ್ಸು ಹತ್ತಿದ್ದು ನಿಮ್ಮಮ್ಮನ ಮಂಡಿಗಾಗಿ ಅಲ್ಲ, ನನ್ನ ಮಗ ಅವನ ಕೊಬ್ಬರಿ ಮಂಡಿಯಲ್ಲಿ ಕೂತು ಆಡಿದ ಮಾತಿಗಾಗಿ ಎಂಬುದು ನನಗೆ ಗೊತ್ತು. ನಿನಗೆ ನೆಪ ಬೇಕಿತ್ತು, ಪಾಪ ನಿಮ್ಮಮ್ಮನ ಕಾಲು ಸಿಕ್ಕಿತು.

ಫೋನ್ ಮಾಡುವುದು ಬಿಟ್ಟು ಕಾಗದ ಬರೆಯುತ್ತಿದ್ದಾಳಲ್ಲ ಮುದುಕಿ ಎಂದು ನಗಬೇಡ. ಫೋನಿನಲ್ಲಿ ನಾನು ಏನು ಹೇಳಿದರೂ ನೀನು "ಹೂಂ ಅತ್ತೆ" ಅನ್ನುತ್ತೀಯ. ಆ ಹೂಂನಲ್ಲಿ ಹೌದೂ ಇರುವುದಿಲ್ಲ, ಇಲ್ಲವೂ ಇರುವುದಿಲ್ಲ. ನನ್ನ ಕಿವಿ ಮಂದವಾದ್ದರಿಂದ ಸ್ಪೀಕರ್ ಹಾಕಿಕೊಳ್ಳಬೇಕು, ಹಾಕಿಕೊಂಡರೆ ನಡುಮನೆಯಲ್ಲಿ ಕೂತವರೆಲ್ಲ ಕೇಳುತ್ತಾರೆ. ಕಾಗದವಾದರೆ ನಾನು ಹೇಳುವುದನ್ನು ನೀನು ನಡುವೆ ಹೂಂ ಅನ್ನದೆ ಪೂರ್ತಿ ಓದಲೇಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡದಲ್ಲಿ ನಮ್ಮ ಶಾಲೆಗೇ ನಾನು ಮೊದಲು ಬಂದವಳು, ನಿನ್ನ ಗಂಡನಿಗೆ ಇದು ಮರೆತುಹೋಗಿದೆ.

ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಮಾವನವರ ಸಕ್ಕರೆ ಕಾಯಿಲೆ ಹದ್ದುಬಸ್ತಿನಲ್ಲಿದೆ, ನಾಲಗೆ ಮಾತ್ರ ಇಲ್ಲ. ಮಿಠಾಯಿ ಕೊಯ್ಯುವಾಗ ತಟ್ಟೆಯ ಅಂಚಿನ ತುಂಡು ಮಾಯವಾಗುತ್ತದೆ, ಕೇಳಿದರೆ ಬೆಕ್ಕು ಅನ್ನುತ್ತಾರೆ. ನಮ್ಮ ಬೆಕ್ಕು ಯಾವತ್ತು ಬೆಲ್ಲ ತಿಂದಿದೆ? ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ಈ ಸಲ ಚೆನ್ನಾಗಿ ಒಣಗಿದೆ, ಅಲ್ಲಾಡಿಸಿದರೆ ಒಳಗಿನ ಉಂಡೆ ಗಡಗಡ ಅನ್ನುತ್ತದೆ. ಸುಲಿಯುವವರನ್ನು ಕರೆಸಿ ಅರ್ಧ ಅಟ್ಟ ಇಳಿಸಿಯಾಯಿತು. ಕೋತಿಗಳ ಕಾಟ ಹೆಚ್ಚಾಗಿದೆ. ಹಿತ್ತಿಲಿನ ನಿನ್ನ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದೇನೆ, ಅದು ನಿನ್ನ ಹಾಗೆ ಮುನಿಸಿಕೊಂಡಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಅಂಗಡಿಯ ಫೋನನ್ನು ಅಡುಗೆಮನೆಯ ಗೂಡಿನಲ್ಲೇ ಬಿಟ್ಟುಹೋದೆಯಲ್ಲ, ಬೇಕೆಂದೇ ಬಿಟ್ಟೆಯೋ ಮರೆತೆಯೋ ನಾನು ಕೇಳುವುದಿಲ್ಲ. ಮೊದಲ ಮೂರು ದಿನ ಅದನ್ನು ಮುಟ್ಟಲಿಲ್ಲ. ಅದು ಗುಂಯ್ ಗುಂಯ್ ಅನ್ನುತ್ತಿತ್ತು, ನಾನು ಕೆಲಸ ಮಾಡುತ್ತಿದ್ದೆ. ನಾಲ್ಕನೆಯ ದಿನ ತಡೆಯಲಾರದೆ ಕನ್ನಡಕ ಹಾಕಿಕೊಂಡು ನೋಡಿದೆ. "ಅತ್ತೆಮನೆ ತಿಂಡಿ" ಎಂದು ನೀನೇ ಹೆಸರಿಟ್ಟ ಫೋನಿನೊಳಗಿನ ಅಂಗಡಿ ನೀನಿಲ್ಲದೆಯೂ ಬಾಗಿಲು ತೆಗೆದುಕೊಂಡು ಕೂತಿತ್ತು. ಚಟ್ನಿಪುಡಿ, ಕೊಬ್ಬರಿ ಮಿಠಾಯಿ, ಶಿವರಾತ್ರಿ ಬರುತ್ತಿದೆಯಲ್ಲ, ತಂಬಿಟ್ಟು ಕೇಳಿದವರೇ ಎಷ್ಟೋ ಜನ. ಹೆಸರಿನಲ್ಲಿ ಅತ್ತೆ ಇದ್ದಮೇಲೆ ಅತ್ತೆ ಸುಮ್ಮನಿದ್ದರೆ ಮರ್ಯಾದೆಯೇ? ಹುರಿದೆ, ಕುಟ್ಟಿದೆ, ಡಬ್ಬಕ್ಕೆ ತುಂಬಿದೆ. ಕೊರಿಯರಿನ ಇಂದ್ರೇಶ ಬಂದು ಚೀಟಿ ಅಂಟಿಸಿಕೊಂಡು ಹೋದ. ಕಮಟು ವಾಸನೆ ಬಂತೆಂದು ಬೇಜಾರು ಮಾಡಿಕೊಂಡಿದ್ದ ಆ ಶಿವಮೊಗ್ಗದ ಮೇಷ್ಟ್ರಿಗೆ ಹೊಸ ಮಿಠಾಯಿ ಕಳಿಸಿದೆ. ಚೆನ್ನಾಗಿತ್ತು ಎಂದು ಬರೆದಿದ್ದಾರೆ.

ಆ ಮೇಷ್ಟ್ರ ವಿಷಯ ಎತ್ತಿದ್ದೇನೆ, ಎತ್ತಿದಮೇಲೆ ಪೂರ್ತಿ ಹೇಳಿಬಿಡುತ್ತೇನೆ. ನೀನು ಅವರಿಗೆ ದುಡ್ಡು ವಾಪಸ್ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಅಂಗಡಿಯ ದುಡ್ಡೆಲ್ಲ ಬೀಳುವುದು ನಿನ್ನ ಗಂಡ ರಾಜಶೇಖರನ ಖಾತೆಗೆ, ಹಿಂದಿರುಗಿಸಬೇಕಾದರೆ ಅವನ ಫೋನಿಗೆ ಬರುವ ಓಟಿಪಿ ನಂಬರು ಬೇಕು. ಅವನು ಫೋನ್ ಎತ್ತಲಿಲ್ಲವೆಂದು ನೀನು ಬಿಸಿಲಿನಲ್ಲಿ ಮಂಡಿಯವರೆಗೆ ನಡೆದುಹೋದೆ. ಅಲ್ಲಿ ವ್ಯಾಪಾರಸ್ಥರೆಲ್ಲ ಟೀ ಕುಡಿಯುತ್ತಾ ಕೂತಿದ್ದರಂತೆ. "ನೋಡ್ರಪ್ಪ, ಇವಳ ಆಟಕ್ಕೆ ನನ್ನ ಅಕೌಂಟ್ ಸಿಕ್ಕೈತೆ" ಅಂದನಂತೆ, ಅವರೆಲ್ಲ ನಕ್ಕರಂತೆ. ನಿಮ್ಮ ಮಾವನವರು ಅಲ್ಲೇ ಮೂಲೆಯಲ್ಲಿ ಪೇಪರ್ ಓದುತ್ತಿದ್ದವರು ಮನೆಗೆ ಬಂದು ನನಗೆ ಹೇಳಿದರು. ಹೇಳುವಾಗ ಅವರ ಮುಖ ಕಪ್ಪಿಟ್ಟಿತ್ತು. ನೀನು ಮಾತ್ರ ಮನೆಗೆ ಬಂದವಳು ಒಂದು ಮಾತೂ ಆಡದೆ ರಾತ್ರಿಯ ಅಡುಗೆ ಮಾಡಿದೆ, ಬೆಳಗ್ಗೆ ಬ್ಯಾಗು ತುಂಬಿದೆ. ನೀನು ಅತ್ತಿದ್ದರೆ ನನಗೆ ಸಮಾಧಾನ ಮಾಡಲು ಬರುತ್ತಿತ್ತು. ಸಾರಿಗೆ ಒಗ್ಗರಣೆ ಹಾಕುತ್ತಾ ನಿಂತವಳಿಗೆ ಏನು ಸಮಾಧಾನ ಮಾಡುವುದು? ಅವತ್ತೇ ಅವನನ್ನು ತರಾಟೆಗೆ ತೆಗೆದುಕೊಂಡೆ. ತಮಾಷೆಗೆ ಅಂದೆ ಅಂದ. ತಮಾಷೆಯಾಗಿದ್ದರೆ ಅವಳೂ ನಗಬೇಕಿತ್ತಲ್ಲ ಅಂದೆ. ಹೆತ್ತವರಿಗೆ ಹೆಗ್ಗಣ ಮುದ್ದು, ನಿಜ ಕಣಮ್ಮ. ಆದರೆ ಹೆಗ್ಗಣ ಹೆಗ್ಗಣವೇ.

ಹೀಗಿರುವಾಗ ಹೋದ ವಾರ ಅಂಗಡಿ ನಡೆಸಿಕೊಡುವ ಕಂಪನಿಯಿಂದ ಫೋನ್ ಬಂತು. ನಯನಾ ಎಂಬ ಹುಡುಗಿ, ಒಳ್ಳೆಯ ಕನ್ನಡ, ಒಳ್ಳೆಯ ತಾಳ್ಮೆ. ದುಡ್ಡು ತೆಗೆದುಕೊಳ್ಳುವ ವ್ಯವಸ್ಥೆಯನ್ನೆಲ್ಲ ಅವರು ಹೊಸದಾಗಿ ಮಾಡುತ್ತಿದ್ದಾರಂತೆ. ಗಿರಾಕಿಗಳು ಯಾವ ಯಾವ ರೀತಿಯಲ್ಲಿ ದುಡ್ಡು ಕೊಡಬಹುದು ಎಂದು ನಾವು ಆರಿಸಬೇಕು, ಅದು ಯಾರ ಖಾತೆಗೆ ಹೋಗಬೇಕು ಎಂದು ಮತ್ತೊಮ್ಮೆ ಹೇಳಬೇಕು. ಬರುವ ಬುಧವಾರದೊಳಗೆ ಆಗದಿದ್ದರೆ ಅಂಗಡಿಗೆ ಆರ್ಡರ್ ಬರುವುದು ನಿಂತುಹೋಗುತ್ತದೆ. ಶಿವರಾತ್ರಿಯ ತಂಬಿಟ್ಟಿನ ವ್ಯಾಪಾರ ಪೂರ್ತಿ ಹೋಯಿತು ಅಂತ ಅರ್ಥ. ಆ ಹುಡುಗಿ ಒಂದು ಸಲ "ಪೇಮೆಂಟ್ ಗೇಟ್‌ವೇ" ಅಂದಳು. ಗೇಟು ಅಂದಮೇಲೆ ಬೀಗ ಇರಬೇಕಲ್ಲಮ್ಮ, ಅದರ ಕೀ ಯಾರ ಹತ್ತಿರ ಇರುತ್ತದೆ ಎಂದು ಕೇಳಿದೆ. ಅವಳು ನಗಲಿಲ್ಲ. "ಖಾತೆ ಯಾರದೋ ಅವರ ಹತ್ರ ಮೇಡಂ" ಅಂದಳು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಆಮೇಲೆ ಅವಳು ಒಂದೊಂದನ್ನೇ ಹೇಳುತ್ತಾ ಹೋದಳು. ಸ್ಕ್ಯಾನ್ ಮಾಡಿ ಕೊಡುವುದು, ಕಾರ್ಡು, ಬ್ಯಾಂಕಿನಿಂದ ನೇರವಾಗಿ ಹಾಕುವುದು, ಕಂತಿನಲ್ಲಿ ಕೊಡುವುದು, ಸಾಮಾನು ಕೈಗೆ ಬಂದಮೇಲೆ ನೋಟು ಕೊಡುವುದು. ಚಟ್ನಿಪುಡಿಯನ್ನು ಕಂತಿನಲ್ಲಿ ತಿನ್ನುವವರೂ ಇದ್ದಾರೇನಮ್ಮ ಎಂದು ಕೇಳಿದೆ, ಅದನ್ನು ತೆಗೆಸಿಹಾಕಿದೆ. ಮಿಕ್ಕಿದ್ದನ್ನು ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದೆ. ರಾತ್ರಿ ಊಟಕ್ಕೆ ಕೂತಾಗ ಕೇಳಿದರೆ ನಿನ್ನ ಗಂಡ ತಟ್ಟೆಯಿಂದ ತಲೆ ಎತ್ತದೆ ತೀರ್ಮಾನ ಹೇಳಿಬಿಟ್ಟ. "ಸ್ಕ್ಯಾನ್ ಒಂದ್ ಸಾಕು. ನನ್ನ ಅಕೌಂಟ್ ಹಂಗೇ ಇರ್ಲಿ. ಆ ಕ್ಯಾಶ್ ಆನ್ ಡೆಲಿವರಿ ತೆಗ್ಸಾಕವ್ವ, ಬರೀ ತಲೆನೋವು." ಅದರಲ್ಲಿ ಅವನದು ಪೂರ್ತಿ ತಪ್ಪೂ ಅಲ್ಲ. ಬಾಗಿಲು ಹಾಕಿತ್ತು, ಗಿರಾಕಿ ಬೇಡ ಅಂದರು ಎಂದು ಡಬ್ಬಗಳು ವಾಪಸ್ ಬಂದದ್ದನ್ನು ನೀನೂ ನೋಡಿದ್ದೀಯ. ತುಮಕೂರಿನಿಂದ ವಾಪಸ್ ಬಂದ ತಂಬಿಟ್ಟನ್ನು ಒಡೆಯಲು ಕಲ್ಲು ಬೇಕಾಯಿತು. ಮುಂಚೆಯೇ ದುಡ್ಡು ಬಂದರೆ ನೆಮ್ಮದಿ ಎಂದು ನನಗೂ ಅನ್ನಿಸಿತು. ಸರಿ, ನಾಳೆ ಹುಡುಗಿಗೆ ಹಾಗೇ ಹೇಳೋಣ ಎಂದುಕೊಂಡು ಮಲಗಿದೆ.

ಬೆಳಗ್ಗೆ ಎದ್ದರೆ ಬಿಕ್ಕೋಡಿನಿಂದ ವೆಂಕಟಲಕ್ಷ್ಮಮ್ಮ ಎಂಬಾಕೆಯ ಫೋನು. ನಿನಗೆ ಗೊತ್ತಿರಬೇಕು, ಕಾಫಿ ತೋಟದಲ್ಲಿ ಕೂಲಿ ಮಾಡುವಾಕೆ, ತಿಂಗಳಿಗೊಂದು ಸಲ ಮಿಠಾಯಿ, ಚಟ್ನಿಪುಡಿ ತರಿಸುತ್ತಾಳೆ. ಮಾತಿನ ಮಧ್ಯೆ, ಇನ್ನುಮೇಲೆ ನೋಟು ತೆಗೆದುಕೊಳ್ಳುವುದಿಲ್ಲ ಕಣಮ್ಮ, ಸ್ಕ್ಯಾನ್ ಮಾಡಬೇಕು ಅಂದೆ. ಆಕೆ ಅಂದದ್ದನ್ನು ಹಾಗೇ ಬರೆಯುತ್ತೇನೆ. "ಹಂಗಾದ್ರೆ ನಂಗ್ ಬ್ಯಾಡ ಬಿಡಿ ಅವ್ವಾರೆ. ನನ್ನ ಅಕೌಂಟಿಗೆ ನಮ್ಮನೇರ ಫೋನ್ ನಂಬ್ರ ಕೊಟ್ಟೈತೆ. ನಾನೊಂದ್ ರೂಪಾಯಿ ಮುಟ್ಟಿದ್ರೂ ಅವರ ಜೇಬ್ನಾಗೆ ಟಿಂಗ್ ಅಂತೈತೆ. ಮಗಳು ಹಾಸ್ಟೆಲ್ನಾಗವ್ಳೆ, ಅವಳಿಗೊಂದು ಡಬ್ಬ ಮಿಠಾಯಿ ಕಳ್ಸಾಕೂ ಲೆಕ್ಕ ಒಪ್ಪಿಸ್ಬೇಕು. ಕೂಲಿ ನೋಟಾದ್ರೆ ಟಿಂಗ್ ಅನ್ನಾಕಿಲ್ಲ." ಇಷ್ಟು ಹೇಳಿ ನನಗೇ ಸಮಾಧಾನ ಹೇಳುವವಳ ಹಾಗೆ, ನಿಮ್ಮ ಮಿಠಾಯಿ ಬಾಳ ಚೆನ್ನಾಗಿರ್ತಿತ್ತು ಅಂದಳು. ನಾನು ಫೋನ್ ಇಟ್ಟೆ. ಬಾಣಲೆಯಲ್ಲಿದ್ದ ಕಡಲೆಬೇಳೆ ಸೀದುಹೋಯಿತು, ನೋಡಿಕೊಂಡು ಕೂತಿದ್ದೆ.

ಯಾಕೆಂದರೆ ಮಂಜುಳಾ, ಆಕೆ ಹೇಳಿದ ಟಿಂಗ್ ನಮ್ಮ ಮನೆಯಲ್ಲೂ ಇದೆ. ಹುರಿಯುವವಳು ನಾನು, ಕುಟ್ಟುವವಳು ನೀನು, ಗಿರಾಕಿಯ ಹತ್ತಿರ ಬೈಸಿಕೊಳ್ಳುವವಳು ನೀನು, ಹೊಗಳಿಸಿಕೊಳ್ಳುವವಳು ನಾನು. ಟಿಂಗ್ ಅನ್ನುವುದು ಮಾತ್ರ ರಾಜಶೇಖರನ ಅಂಗಿಯ ಜೇಬು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಕೆಸರಾದ ಕೈ ಒಬ್ಬರದು, ಮೊಸರಿನ ಗಡಿಗೆ ಇನ್ನೊಬ್ಬರ ಕೋಣೆಯಲ್ಲಿ. ಅವನು ಕುಡಿಯುವವನಲ್ಲ, ಇಸ್ಪೀಟು ಆಡುವವನಲ್ಲ, ಕೇಳಿದರೆ ಇಲ್ಲ ಅನ್ನುವವನೂ ಅಲ್ಲ. ಆದರೆ ಕೇಳಬೇಕಲ್ಲ. ಮಂಡಿಯ ಬಾಗಿಲಲ್ಲಿ ನಿಂತು, ನಗುವವರ ಮುಂದೆ ಕೇಳಬೇಕಲ್ಲ. ಇದನ್ನು ನೆನೆದು ನನಗೆ ಆ ದಿನ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಇನ್ನು ಚೂರಿನ ವಿಷಯ. ಈ ಮನೆಯ ಪದ್ಧತಿ ನಿನಗೆ ಅರ್ಧ ಗೊತ್ತು, ಉಳಿದರ್ಧ ಈಗ ತಿಳಿದುಕೋ. ಅಟ್ಟದ ಕಾಯಿ ಇಳಿಸಿ ಸುಲಿಸಿದಾಗ ಒಡೆಯದೆ ಇಡಿಯಾಗಿ ಬಂದ ಉಂಡೆ ಕೊಬ್ಬರಿ ಗಂಡಸರದು, ಅದು ಮಂಡಿಗೆ ಹೋಗುತ್ತದೆ. ಕತ್ತಿ ತಾಗಿ ಒಡೆದದ್ದು, ಬಿರಿದದ್ದು, ಅದು ಚೂರು. ಚೂರು ಹೆಂಗಸರದು. ನನ್ನತ್ತೆಗೆ ಅವರತ್ತೆ ಹೇಳಿದ್ದು, ನಾನು ಈ ಮನೆಗೆ ಬಂದ ವರ್ಷ ನನ್ನತ್ತೆ ನನ್ನ ಮಡಿಲಿಗೆ ಚೂರು ಸುರಿದು ಹೇಳಿದ್ದು. ಚೂರಿನ ದುಡ್ಡಿಗೆ ಕೈ ಹಾಕಿದರೆ ಅಟ್ಟದ ಕಾಯಿ ಕೊಳೆಯುತ್ತದೆ ಎಂದು ಈ ಮನೆಯ ಗಂಡಸರಿಗೆ ಹೆದರಿಕೆ. ನಿಮ್ಮ ಮಾವನವರು ಇಷ್ಟು ವರ್ಷದಲ್ಲಿ ಒಮ್ಮೆಯೂ ಚೂರು ಎಷ್ಟಕ್ಕೆ ಹೋಯಿತೆಂದು ಕೇಳಿದವರಲ್ಲ. ಆ ದುಡ್ಡಿನಲ್ಲೇ ನಾನು ಹೊಲಿಗೆ ಯಂತ್ರ ತೆಗೆದುಕೊಂಡೆ, ನಮ್ಮಪ್ಪನ ಆಪರೇಷನ್ನಿಗೆ ಯಾರನ್ನೂ ಕೇಳದೆ ಹಾಸನಕ್ಕೆ ಹೋದೆ, ಬೇಡವೆಂದು ಎಲ್ಲರೂ ಅಂದ ಒಂದು ರೇಷ್ಮೆ ಸೀರೆಯನ್ನೂ ಉಟ್ಟೆ. ನೀನು ಬಂದಮೇಲೆ ಆ ಚೂರನ್ನು ಮಾರುವುದು ಬಿಟ್ಟು ಮಿಠಾಯಿ ಮಾಡೋಣ, ಚಟ್ನಿಪುಡಿ ಮಾಡೋಣ, ಅಂಗಡಿ ಇಡೋಣ ಅಂದೆ. ನಮ್ಮ ಅಂಗಡಿ ಹುಟ್ಟಿದ್ದೇ ಚೂರಿನಿಂದ. ದುಡ್ಡು ನೋಟಿನಿಂದ ಫೋನಿಗೆ ಹೋದ ಗಡಿಬಿಡಿಯಲ್ಲಿ, ಯಾರೂ ಬೇಕೆಂದು ಮಾಡದೆ, ಅದು ಹೆಂಗಸರ ಕೈಯಿಂದ ಜಾರಿ ಗಂಡಸಿನ ಖಾತೆಗೆ ಹೋಗಿಬಿಟ್ಟಿತು. ಪದ್ಧತಿ ಮುರಿದದ್ದು ಯಾರಿಗೂ ಗೊತ್ತೇ ಆಗಲಿಲ್ಲ.

ಅವತ್ತು ರಾತ್ರಿ ಅವನಿಗೆ ಇದನ್ನೇ ಹೇಳಿದೆ. ಮಿಠಾಯಿ ಯಾವುದರಿಂದ ಮಾಡುತ್ತೇವೆ ಎಂದು ಕೇಳಿದೆ. ಚೂರಿನಿಂದ ಅಂದ. ಚೂರು ಯಾರದು ಎಂದು ಕೇಳಿದೆ. "ಅದೆಲ್ಲ ಹಳೇ ಕಾಲದ್ದು ಕಣವ್ವ" ಅಂದ. ಹಳೇ ಕಾಲದ ಉಂಡೆ ಬೇಕು, ಹಳೇ ಕಾಲದ ಚೂರು ಬೇಡವಾ ಅಂದೆ. ಅವನಿಗೆ ರೇಗಿತು. "ಚೂರು ಚೂರು ಅಂತ ನನ್ನ ತಲೆ ತಿನ್ಬೇಡ, ಈ ಸಲದ ಚೂರ್ನೆಲ್ಲ ಎಣ್ಣೆ ಗಾಣಕ್ಕೆ ಹಾಕ್ಬಿಡ್ತೀನಿ, ಅಲ್ಲಿಗೆ ಜಗಳಾನೇ ಇರಲ್ಲ" ಅಂದ. ಬಾಯಿಗೆ ಬಂದದ್ದು ಅಂದುಕೊಂಡೆ. ಮಾರನೆಯ ದಿನ ನಾನು ಮಠಕ್ಕೆ ಹೋಗಿ ಬರುವಷ್ಟರಲ್ಲಿ ಹಿತ್ತಿಲಿನ ಚಪ್ಪರದಡಿ ಇದ್ದ ಚೂರಿನ ಕುಕ್ಕೆಗಳೆಲ್ಲ ಖಾಲಿ. ಗಾಣದವನ ಗಾಡಿ ಬಂದು ತುಂಬಿಕೊಂಡು ಹೋಗಿತ್ತು.

ನಾನು ಕೂಗಾಡಿದೆ ಎಂದುಕೊಂಡಿದ್ದೀಯಾ? ಇಲ್ಲ. ಕಾಲು ತೊಳೆದೆ, ಒಂದು ಲೋಟ ಮಜ್ಜಿಗೆ ಕುಡಿದೆ. ಪಡಸಾಲೆಯಲ್ಲಿ ಮಂಡಿಗೆ ಹೋಗಲೆಂದು ಬಾಯಿ ಹೊಲಿದ ಉಂಡೆ ಕೊಬ್ಬರಿ ಚೀಲಗಳಿದ್ದವು. ಈಗಿನ ಧಾರಣೆ ಗೊತ್ತಲ್ಲ, ಒಂದೊಂದು ಚೀಲವೂ ಅವನಿಗೆ ಮಗು ಇದ್ದ ಹಾಗೆ. ಒಂದು ಚೀಲದ ಹೊಲಿಗೆ ಬಿಚ್ಚಿದೆ, ಮಚ್ಚು ತಂದೆ, ಮಣೆ ಹಾಕಿಕೊಂಡು ಕೂತೆ. ಒಂದೊಂದೇ ಉಂಡೆ ಎತ್ತಿ ನೆಲಕ್ಕಿಟ್ಟು ಒಡೆದೆ. ಉಂಡೆ ಇರುವವರೆಗೆ ಅವನದು, ಒಡೆದಮೇಲೆ ಚೂರು, ಚೂರಾದಮೇಲೆ ನನ್ನದು. ಪದ್ಧತಿಯಲ್ಲಿ ಹೇಗೆ ಒಡೆಯಬೇಕು, ಯಾರು ಒಡೆಯಬೇಕು ಎಂದು ಯಾರೂ ಹೇಳಿಲ್ಲ. ನಿಮ್ಮ ಮಾವನವರು ಕುರ್ಚಿಯಲ್ಲಿ ಕೂತು ಪೇಪರ್ ಇಳಿಸಿ ನನ್ನನ್ನು ನೋಡಿದರು. ತಡೆಯುತ್ತಾರೇನೋ ಅಂದುಕೊಂಡೆ. "ಒಂದೇ ಚೀಲ ಸಾಕಾ?" ಅಂದರು. ಅವರನ್ನು ಮದುವೆಯಾದದ್ದಕ್ಕೆ ನನಗೆ ಅಷ್ಟು ಸಂತೋಷವಾದ ದಿನಗಳು ಬಹಳ ಇಲ್ಲ, ಇದು ಅವರಿಗೆ ತಿಳಿಯುವುದು ಬೇಡ.

ಸಾಯಂಕಾಲ ನಿನ್ನ ಗಂಡ ಬಂದ. ಪಡಸಾಲೆಯ ತುಂಬ ಕೊಬ್ಬರಿ ಚೂರು, ಮಧ್ಯೆ ನಾನು. ಚಪ್ಪಲಿ ಬಿಡುವುದನ್ನೂ ಮರೆತು ನಿಂತ. "ಏನವ್ವ ಇದು" ಅಂದ. ಚೂರು ಕಣಪ್ಪ ಅಂದೆ. ನೀನು ಒಂದು ಸಲ ಗಾಣಕ್ಕೆ ಹಾಕಿದರೆ ನಾನು ಒಂದು ಚೀಲ ಒಡೆಯುತ್ತೇನೆ, ಎರಡು ಸಲ ಹಾಕಿದರೆ ಎರಡು ಚೀಲ, ನನ್ನ ತೋಳಿನಲ್ಲಿ ಇನ್ನೂ ಶಕ್ತಿ ಇದೆ ಅಂದೆ. ಅವನು ಅಪ್ಪನ ಕಡೆ ನೋಡಿದ. ಅವರು ಪೇಪರಿನ ಹಿಂದಿನಿಂದಲೇ, "ನಿಮ್ಮಜ್ಜಿ ಇದ್ದಿದ್ರೆ ಅಟ್ಟ ಪೂರ್ತಿ ಇಳಿಸೋಳು, ಇವಳು ಮೆತ್ತಗೆ" ಅಂದರು. ಅವನು ಚೂರಿನ ಮಧ್ಯೆಯೇ ಜಾಗ ಮಾಡಿಕೊಂಡು ಕೂತ. ಒಂದು ಚೂರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದ. ಆಮೇಲೆ ಮೆಲ್ಲಗೆ, "ದುಡ್ಡು ಮನೇಲೇ ಇರ್ತೈತಲ್ಲವ್ವ, ಯಾರ ಅಕೌಂಟಾದ್ರೇನು" ಅಂದ. ಯಾರದಾದರೇನು ಅನ್ನುವುದಾದರೆ ಅವಳದಾದರೇನು ಅಂದೆ. ಅವನು ಎದ್ದುಹೋಗಿ ಚಪ್ಪಲಿ ಬಿಟ್ಟುಬಂದ.

ಮಾರನೆಯ ದಿನ ನಯನಾಗೆ ನಾನೇ ಫೋನ್ ಮಾಡಿದೆ. ಹಳೇ ಖಾತೆಯನ್ನು ತೆಗೆಯಬೇಕಾದರೆ ಹಳೇ ಖಾತೆಯವರ ಫೋನಿಗೆ ಒಂದು ನಂಬರು ಬರುತ್ತದೆ, ಅದನ್ನು ಒತ್ತಬೇಕು ಅಂದಳು. ರಾಜಶೇಖರ ಸ್ನಾನ ಮುಗಿಸಿ ಹಣೆಗೆ ವಿಭೂತಿ ಇಟ್ಟುಕೊಳ್ಳುತ್ತಿದ್ದ. ನಂಬರು ಬಂತು, ಹೇಳಪ್ಪ ಅಂದೆ. ಅವನು ಹೇಳಲಿಲ್ಲ. ಕನ್ನಡಿಯನ್ನೇ ನೋಡುತ್ತಾ ನಿಂತ. ಫೋನ್ ಟೀಪಾಯಿಯ ಮೇಲಿತ್ತು, ನಾನು ಕೈ ಹಾಕಲಿಲ್ಲ. ಹೊತ್ತು ಮೀರಿ ಆ ನಂಬರು ಕೆಲಸಕ್ಕೆ ಬಾರದೆ ಹೋಯಿತು. ಇನ್ನೊಂದು ಕಳಿಸಮ್ಮ ಅಂದೆ. ಅದು ಬಂದಾಗ ಅವನೇ ಫೋನ್ ತೆಗೆದು ನನ್ನ ಕೈಗಿಟ್ಟು, "ನೀನೇ ಓದ್ಕೊ" ಅಂದು ಹೊರಗೆ ಹೋದ. ಕನ್ನಡಕ ಸರಿ ಮಾಡಿಕೊಂಡು ಒಂದೊಂದೇ ಅಂಕಿ ಓದಿದೆ. ಅವನ ಖಾತೆ ಅಂಗಡಿಯಿಂದ ಹೋಯಿತು. ಬೀಳ್ಕೊಡಲು ನಾನೇನೂ ಆರತಿ ಎತ್ತಲಿಲ್ಲ.

ಈಗ ಅಂಗಡಿಯ ವ್ಯವಸ್ಥೆ ಹೀಗಿದೆ. ಸ್ಕ್ಯಾನ್ ಇಟ್ಟಿದ್ದೇನೆ, ಊರಿಗೆಲ್ಲ ಅದೇ ರೂಢಿಯಾಗಿದೆ. ಕಾರ್ಡು ಇಟ್ಟಿದ್ದೇನೆ, ದೂರದೂರಿನವರು ಕೇಳುತ್ತಾರೆ. ಕೈಗೆ ಬಂದಮೇಲೆ ನೋಟು ಕೊಡುವುದನ್ನು ತೆಗೆದಿಲ್ಲ, ತೆಗೆಯುವುದೂ ಇಲ್ಲ. ಡಬ್ಬ ವಾಪಸ್ ಬರುವ ಕಾಟಕ್ಕೆ ನಯನಾಳೇ ದಾರಿ ಹೇಳಿದಳು, ಕಳಿಸುವ ಮುಂಚೆ ಫೋನ್ ಮಾಡಿ ಮನೆಯಲ್ಲಿ ಇರುತ್ತೀರಾ ಎಂದು ಕೇಳುವುದು. ಅದೇನು ಮಹಾ ಕೆಲಸ, ನನಗಂತೂ ಮಾತಾಡುವುದಕ್ಕೆ ಜನ ಬೇಕು. ಮೊದಲು ಬಿಕ್ಕೋಡಿಗೇ ಫೋನ್ ಮಾಡಿದೆ. ನೋಟು ನಡೆಯುತ್ತದೆ ಕಣಮ್ಮ ಅಂದೆ. ಆಕೆ ಎರಡು ಡಬ್ಬ ಹೇಳಿದಳು, ಒಂದು ಮಗಳಿಗೆ, ಒಂದು ತನಗೆ. ತನಗೆಂದು ಅವಳು ಹೇಳಿದ್ದು ಇದೇ ಮೊದಲಂತೆ.

ರಾಜಶೇಖರ ನಿನ್ನ ಕ್ಷಮೆ ಕೇಳಿದ ಎಂದು ನಾನು ಸುಳ್ಳು ಬರೆಯುವುದಿಲ್ಲ. ನಿನ್ನೆ ಕೈ ತೊಳೆಯುತ್ತಾ, ಬೆನ್ನು ನನ್ನ ಕಡೆ ಮಾಡಿಕೊಂಡು, "ಅವಳು ಯಾವಾಗ ಬತ್ತಾಳಂತೆ" ಅಂದ. ನನ್ನನ್ನು ಯಾಕೆ ಕೇಳುತ್ತೀಯ, ಫೋನ್ ಇಲ್ಲವಾ, ಟಿಂಗ್ ಅನ್ನುವುದಕ್ಕೆ ಮಾತ್ರವಾ ಅದಿರುವುದು ಅಂದೆ. ಅವನು ನಿನಗೆ ಫೋನ್ ಮಾಡಿದರೆ ಎತ್ತುವುದು ಬಿಡುವುದು ನಿನ್ನಿಷ್ಟ. ಎತ್ತಿದರೆ ಹೂಂ ಅನ್ನಬೇಡ, ಮನಸ್ಸಿನಲ್ಲಿದ್ದದ್ದನ್ನು ಹೇಳು. ಅವನು ಆಟ ಅಂದ ಮಾತು ನಿನಗೆ ಎಲ್ಲಿ ತಾಗಿತೆಂದು ಅವನಿಗೆ ನಾನು ಹೇಳುವುದಕ್ಕಿಂತ ನೀನು ಹೇಳಬೇಕು. ಬಾ ಎಂದು ನಾನು ಒತ್ತಾಯ ಮಾಡುವುದಿಲ್ಲ. ನೀನಿಲ್ಲದೆ ಈ ಮನೆ ನನಗೆ ಹಿಡಿಸುತ್ತಿಲ್ಲ, ಇದನ್ನು ಮಾತ್ರ ಹೇಳಿಬಿಡುತ್ತೇನೆ. ಸಂಜೆ ಹೊತ್ತು ಚಟ್ನಿಪುಡಿಗೆ ಉಪ್ಪು ಸರಿಯಿದೆಯಾ ಎಂದು ಕೇಳಲು ತಿರುಗುತ್ತೇನೆ, ನಿಮ್ಮ ಮಾವನವರು ನಾಲಗೆ ಚಾಚಿಕೊಂಡು ನಿಂತಿರುತ್ತಾರೆ.

ಬೀಗಿತ್ತಿಗೆ ನನ್ನ ಶರಣು ತಿಳಿಸು, ಮನೆಯಲ್ಲಿ ಎಲ್ಲರಿಗೂ ನಾವು ಕೇಳಿದೆವೆಂದು ಹೇಳು. ಆ ಶಿವ ನಿನ್ನ ಮನಸ್ಸಿಗೆ ನೆಮ್ಮದಿ ಕೊಡಲಿ, ಹೊಟ್ಟೆ ತಂಪಾಗಿರಲಿ, ನಿನ್ನ ಕೈ ಯಾವತ್ತೂ ಮೇಲಿರಲಿ.

ಇತಿ ನಿನ್ನನ್ನು ಹೆರದಿದ್ದರೂ ಬೈಯುವ ಹಕ್ಕಿರುವ ಅತ್ತೆ,
ಕಾಂತಮ್ಮ

ಮರೆತದ್ದು: ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಸಹಿಸಿಕೋ. ಅಂಗಡಿಯಲ್ಲಿ ಖಾತೆಯ ಜಾಗ ಈಗ ಖಾಲಿ ಇದೆ. ನಿನ್ನದೇ ಹಾಕು ಕಾಂತ ಎಂದು ನಿಮ್ಮ ಮಾವನವರು ಅಂದರು. ಒಂದು ಗಳಿಗೆ ನನಗೂ ಆಸೆಯಾಯಿತು. ಆದರೆ ಗಂಡನ ಜೇಬಿನಲ್ಲಿದ್ದ ಟಿಂಗ್ ಅತ್ತೆಯ ಸೆರಗಿಗೆ ಬಂದರೆ ನಿನಗೇನು ಬಂತು? ನಾಳೆ ನೀನು ನನ್ನ ಮುಂದೆ ನಿಂತು ಕೇಳಬೇಕು, ಅಷ್ಟೇ ತಾನೇ. ಮದುವೆಗೆ ಮುಂಚೆ ಕಾಲೇಜಿಗೆ ಹೋಗುವಾಗ ಬೇಲೂರಿನಲ್ಲಿ ನೀನು ಮಾಡಿಸಿದ್ದ ಖಾತೆ ಇದೆಯಲ್ಲ, ಅದರ ನಂಬರನ್ನು ನಯನಾಗೆ ಹೇಳು. ಸೋಮವಾರ ಬೆಳಗ್ಗೆ ಅವಳು ನಿನಗೆ ಫೋನ್ ಮಾಡುತ್ತಾಳೆ, ಎತ್ತು. ಈ ಅಂಗಡಿಯ ದುಡ್ಡು ನಿನ್ನದು, ನೀನು ಇಲ್ಲಿಗೆ ಬಂದರೂ ನಿನ್ನದು, ಬಾರದೆ ಅಲ್ಲೇ ಇದ್ದರೂ ನಿನ್ನದು. ಬಾರದಿದ್ದರೆ ಚೂರನ್ನು ಚೀಲಕ್ಕೆ ತುಂಬಿ ಜಾವಗಲ್ ಮೇಲೆ ಬೇಲೂರಿಗೆ ಹೋಗುವ ಬಸ್ಸಿಗೆ ಹಾಕುತ್ತೇನೆ, ಮಿಠಾಯಿಯನ್ನು ಅಲ್ಲೇ ಮಾಡು. ಖಾತೆ ಸೇರಿಸುವಾಗ ನಿನ್ನ ಫೋನಿಗೆ ಒಂದು ನಂಬರು ಬರುತ್ತದೆ. ಅದನ್ನು ನೀನೇ ಒತ್ತು. ರಾಜಶೇಖರ ಕೇಳಿದರೆ ಹೇಳಬೇಡ, ನಿಮ್ಮಮ್ಮ ಕೇಳಿದರೂ ಹೇಳಬೇಡ. ನಾನು ಕೇಳಿದರೂ ಹೇಳಬೇಡ.